ಇಮ್ದಾದ್ ಮೇಸ್ತ್ರಿಯ ಹತ್ತನೆಯ ದಿನ

ತುರುವೇಕೆರೆಯ ಇಮ್ದಾದ್ ಮೇಸ್ತ್ರಿ ತಾರಸಿಗೆ ಕಾಂಕ್ರೀಟ್ ಮೋಲ್ಡ್ ಹಾಕಿದ ಹತ್ತನೆಯ ದಿನ ಮೇಲೆ ಹತ್ತಿ, ಸುಲಿಯದ ತೆಂಗಿನಕಾಯಿಯೊಂದನ್ನು ಎದೆಯೆತ್ತರದಿಂದ ಕೆಳಗೆ ಬಿಡುತ್ತಿದ್ದ. ಅದು ಬಿದ್ದ ಸದ್ದು ಮನಸ್ಸಿಗೆ ಒಪ್ಪಿದರೆ ಅದನ್ನು ಕೆಳಗಿನಿಂದ ಹೊತ್ತು ನಿಂತ ಸೆಂಟ್ರಿಂಗ್ ಕಂಬಗಳನ್ನು ತೆಗೆಸುತ್ತಿದ್ದ. ಮೂವತ್ತು ವರ್ಷದಲ್ಲಿ ಅವನ ಒಂದು ಮೋಲ್ಡೂ ಬಿರುಕು ಬಿಟ್ಟಿರಲಿಲ್ಲ.

೨೦೦೨ರ ಚಳಿಗಾಲದಲ್ಲಿ ನೊಣವಿನಕೆರೆಯ ಚನ್ನಬಸವಯ್ಯನವರಿಗೆ ಅವನು ಕಟ್ಟುತ್ತಿದ್ದ, ಕಾಯಿ ಕೂಡಿಟ್ಟು ಒಣಗಿಸುವ ಕೊಬ್ಬರಿ ಮನೆಗೆ ನನ್ನ ಅಂಗಡಿಯಿಂದ ಹೊಸ ಬಗೆಯ ಸಿಮೆಂಟ್ ಹೋಯಿತು. ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಅರೆದು ಬೆರೆಸಿದ ಸಿಮೆಂಟ್ ಅದು. ನೀರು ಕುಡಿದು ಗಟ್ಟಿಯಾಗಲು ಹೆಚ್ಚು ದಿನ ಬೇಕು, ಚಳಿಯಲ್ಲಂತೂ ಇನ್ನೂ ಹೆಚ್ಚು.

“ಒಂದು ತಿಂಗ್ಳು ಕಂಬ ಮುಟ್ಬೇಡಿ ಮೇಸ್ತ್ರಿ,” ಅಂದೆ.

“ಮೂಟೆ ಮಾರೋನು ನೀನು, ಮೋಲ್ಡ್ ಹಾಕೋನು ನಾನು. ಸುಮ್ನಿರಪ್ಪ,” ಅಂದ.

ಹತ್ತನೆಯ ದಿನ ಕಾಯಿ ಬಿಟ್ಟ. ಸದ್ದು ಒಪ್ಪಿತು. ಕಂಬ ತೆಗೆಸಿದ. ಮರುದಿನವೇ ಚನ್ನಬಸವಯ್ಯನವರು ಮೇಲೆ ಸಾವಿರಾರು ಕಾಯಿ ರಾಶಿ ಹಾಕಿಸಿದರು. ಮಧ್ಯಾಹ್ನ ಮೋಲ್ಡ್ ಕುಸಿಯಿತು. ಕೆಳಗೆ ನಿಂತು ಕಾಯಿ ಎತ್ತಿಕೊಡುತ್ತಿದ್ದ ಕೂಲಿಯ ಹನುಮಂತಮ್ಮ ಸತ್ತಳು.

ಸಿಮೆಂಟೇ ಕಳಪೆ ಎಂದು ಊರೆಲ್ಲ ಅಂದಿತು. ನನಗೆ ರೇಗಿತು, ಸಿಕ್ಕಸಿಕ್ಕವರ ಜೊತೆ ಜಗಳವಾಡಿದೆ. ಇಮ್ದಾದ್ ಕರಣೆ ಮುಟ್ಟುವುದನ್ನೇ ಬಿಟ್ಟ. ಕುಸಿದ ಮೋಲ್ಡಿನ ಒಂದು ತುಂಡನ್ನು ಮನೆಗೆ ಹೊತ್ತು ತಂದು ನೀರಿನ ತೊಟ್ಟಿಯಲ್ಲಿಟ್ಟ.

ಮೂರು ತಿಂಗಳಾದ ಮೇಲೆ ನನ್ನನ್ನು ಕರೆಸಿ, ತುಂಡನ್ನು ಹೊರಗಿಟ್ಟು, ದೊಡ್ಡ ಸುತ್ತಿಗೆ ಕೊಟ್ಟ. ಎರಡೂ ಕೈಯಲ್ಲಿ ಎತ್ತಿ ಬಾರಿಸಿದೆ. ಕಿಡಿ ಹಾರಿತು, ತುಂಡು ಒಡೆಯಲಿಲ್ಲ.

“ನೋಡ್ದಾ?” ಅಂದ ಇಮ್ದಾದ್. “ಆವಮ್ಮ ಇದ್ರ ಕೆಳಗೆ ಇವತ್ತು ನಿಂತಿದ್ರೆ ಏನೂ ಆಯ್ತಿರ್ಲಿಲ್ಲ ಕಣಪ್ಪ.”