ದೊಡ್ಡಮ್ಮನ ಮೂಗು ಮತ್ತು ಬೆಳ್ಳುಳ್ಳಿ ಬಾಟಲಿ

ನಮ್ಮ ದೊಡ್ಡಮ್ಮ ಹಾಲಿನ ಡೇರಿಯಲ್ಲಿ ಮೂಗಿನಿಂದಲೇ ಅನ್ನ ಸಂಪಾದಿಸಿದವಳು. ಕ್ಯಾನಿನ ಮುಚ್ಚಳ ಎತ್ತಿ, ಒಮ್ಮೆ ಮೂಸಿ, "ವಾಪಸ್" ಎಂದಳೆಂದರೆ ಮುಗಿಯಿತು. ಮ್ಯಾನೇಜರ್ ಕೂಡ ತುಟಿಪಿಟಕ್ಕೆನ್ನುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಆ ದರ್ಬಾರೆಲ್ಲ ಮನೆಗೆ ಬಂತು. ಅವಳು ಮೂಸುವ ತನಕ ಯಾರೂ ತುತ್ತೆತ್ತುವಂತಿರಲಿಲ್ಲ. ನನ್ನ ಸಾಕ್ಸನ್ನೂ ಬಾಗಿಲಿಂದಲೇ ವಾಪಸ್ ಕಳಿಸಿದ್ದುಂಟು.

ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟ ಬಾಟಲಿಯೊಂದು ಅವಳ ಹೆಮ್ಮೆ. ಅದು ವಾರಗಟ್ಟಲೆ ಒಲೆಯ ಪಕ್ಕದಲ್ಲೇ ಬೆಚ್ಚಗೆ ಕೂತಿರುತ್ತಿತ್ತು. ನರ್ಸ್ ಆಗಿರುವ ಸೊಸೆ ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟಳು.

"ಅತ್ತೆ, ಇದನ್ನ ಹೊರಗಿಡಬಾರದು. ಎಣ್ಣೆಯೊಳಗೆ ಗಾಳಿ ಆಡಲ್ಲ, ಅಂಥ ಕಡೆನೇ ಬೊಟುಲಿಸಂ ವಿಷ ಹುಟ್ಟೋದು. ಅದು ಹೊಟ್ಟೆಗೆ ಹೋದ್ರೆ ರೆಪ್ಪೆ ಜೋತುಬೀಳುತ್ತೆ, ಉಸಿರೇ ನಿಂತುಹೋಗಬಹುದು. ಸ್ವಲ್ಪವೇ ಮಾಡಿ, ಆಗಲೇ ಫ್ರಿಜ್ಜಲ್ಲಿಟ್ಟು, ನಾಲ್ಕು ದಿನದೊಳಗೆ ಮುಗಿಸಿಬಿಡಬೇಕು."

"ವಿಷ ಇದ್ರೆ ನನ್ನ ಮೂಗಿಗೆ ಗೊತ್ತಾಗಲ್ವೇನೇ?"

"ಇಲ್ಲ ಅತ್ತೆ. ಅದಕ್ಕೆ ವಾಸನೆನೂ ಇಲ್ಲ, ರುಚಿನೂ ಇಲ್ಲ."

ದೊಡ್ಡಮ್ಮನ ಮುಖ ಸುಟ್ಟ ಬದನೆಕಾಯಿಯಂತಾಯಿತು. ವಿಷ ಕೊಲ್ಲುತ್ತದೆ ಎಂಬುದಕ್ಕೆ ಅವಳ ಅಭ್ಯಂತರವಿರಲಿಲ್ಲ. ತನ್ನ ಮೂಗಿಗೆ ಒಂದು ಮಾತೂ ತಿಳಿಸದೆ ಕೊಲ್ಲುತ್ತದಲ್ಲ, ಆ ಅವಮಾನ ಸಹಿಸಲಾಗಲಿಲ್ಲ. ಮಧ್ಯಾಹ್ನವೆಲ್ಲ ಮುಸುಕೆಳೆದು ಮಲಗಿದಳು. ಸಂಜೆ ಎದ್ದು ಬಂದು, ಬಾಟಲಿಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಗಾಢವಾಗಿ ಮೂಸಿದಳು. ನಾವೆಲ್ಲ ತೀರ್ಪಿಗಾಗಿ ಸುತ್ತ ನೆರೆದೆವು.

"ಘಮ್ ಅಂತಿದೆ. ಒಂಚೂರೂ ಕೆಟ್ಟ ವಾಸನೆ ಇಲ್ಲ," ಎಂದಳು. ಮುಚ್ಚಳ ಬಿಗಿದು ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದಳು.

"ಅದಕ್ಕೇ ವಾಪಸ್."