ಎಂಟು ಗಂಟೆಯ ತಾಟು

ನಮ್ಮ ಮನೆ ಮಾಲಕಿ ಕಾಕು ಅವರ ಸೆರಗಿನ ತುದಿಗೆ ಯಾವಾಗಲೂ ಲಿಂಬೆಹಣ್ಣಿನಷ್ಟು ಒಂದು ಗಂಟು. ಅದರಲ್ಲಿ ಕೀಲಿಕೈ ಇರಬೇಕೆಂದು ನಾನು ಬಹಳ ದಿನ ತಿಳಿದಿದ್ದೆ. ಅದು ಚಪಾತಿ ಚೂರು ಎಂದು ನನ್ನ ನಾಯಿ ಮೋತಿಗೆ ಮಾತ್ರ ಮೊದಲ ದಿನವೇ ಗೊತ್ತಾಗಿತ್ತು.

ಸಪ್ತಾಪುರದಲ್ಲಿ ಅವರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ನಾನು ಬಾಡಿಗೆಗಿದ್ದೇನೆ. ಕಾಲೇಜಿನಲ್ಲಿ ಪಾಠ ಮಾಡುವವಳು, ಸ್ವಭಾವದಲ್ಲಿ ಸಿಡುಕಿ. ನಾಯಿ ಇದೆ ಎಂದು ಯಾರೂ ಮನೆ ಕೊಡದಿದ್ದಾಗ ಕಾಕು, "ಅದಕ್ಕೇನಾತು, ಬರ್ರಿ. ಅಂಗಳದಾಗ ಒಂದು ಜೀವ ಆಡಿಕೋಂತ ಇರ್ಲಿ" ಎಂದಿದ್ದರು. ವಾರ ಕಳೆಯುವುದರೊಳಗೆ ನಾನು ಅವರಿಗೆ 'ತಂಗಿ' ಆದೆ.

ವರ್ಷದೊಳಗೆ ಮೋತಿ ನಾಲ್ಕು ಮೆಟ್ಟಿಲು ಹತ್ತಲೂ ಏದುಸಿರು ಬಿಡತೊಡಗಿತು. ದನದ ದವಾಖಾನೆಯ ಡಾಕ್ಟರು ಅದರ ಸೊಂಟ ಒತ್ತಿ ನೋಡಿ, "ಇನ್ನ ತೂಕ ಏರಿದ್ರ ಹಿಂದಿನ ಕಾಲು ಹೋಗ್ತಾವ್ರಿ ಮೇಡಂ. ಮುಂಜಾನೆ ಎಂಟಕ್ಕ, ಸಂಜಿ ಏಳಕ್ಕ. ನಡುವ ಒಂದು ತುತ್ತೂ ಬ್ಯಾಡ" ಎಂದರು. ಮನೆಗೆ ಬಂದವಳೇ ಆ ಹೊತ್ತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ. ಕಾಕು ಕನ್ನಡಕ ಏರಿಸಿ ಓದಿ, "ಛಲೋ ಆತು ಬಿಡು. ನಾ ಅಂತೂ ಏನೂ ಹಾಕಂಗಿಲ್ಲ" ಎಂದರು.

ತಿಂಗಳ ನಂತರ ನೋಡಿದರೆ ತೂಕ ಎರಡು ಕಿಲೋ ಏರಿದೆ! ಓಣಿಯ ಮಂದಿಯನ್ನೆಲ್ಲ ಮನಸ್ಸಿನಲ್ಲೇ ಬೈದೆ. ಒಂದು ದಿನ ತಲೆನೋವೆಂದು ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದೆ. ಹಿತ್ತಲಲ್ಲಿ ಕಾಕು ಊಟಕ್ಕೆ ಕುಳಿತಿದ್ದರು. ಎದುರಿಗೆ ಮೋತಿ. ಒಂದು ತುತ್ತು ಅವರಿಗೆ, ಒಂದು ತುತ್ತು ಅದಕ್ಕೆ.

"ಕಾಕು! ಅದರ ಕಾಲು ಹೋದ್ರ ನೀವ ಎತ್ಕೊಂಡು ತಿರಗ್ತೀರೇನ್ರಿ?" ಎಂದು ಕೂಗಿಯೇ ಬಿಟ್ಟೆ.

ಅವರ ಮುಖ ಸಣ್ಣದಾಯಿತು. "ಮುಂದ ಕುಂತು ನೋಡಾಕತ್ತಿದ್ರ ನನ್ನ ಗಂಟಲದಾಗ ತುತ್ತು ಇಳಿಯೂದಿಲ್ಲ ತಂಗಿ. ಏನ ಮಾಡ್ಲಿ?" ಮನೆಮಂದಿಗೆಲ್ಲ ಬಡಿಸಿ ಕಡೆಗೆ ಮೂರಕ್ಕೆ ಒಬ್ಬರೇ ಉಣ್ಣುವುದು ಅವರ ನಲವತ್ತು ವರ್ಷದ ರೂಢಿ. ಕೂಗಿದ್ದಕ್ಕೆ ನನಗೇ ನಾಚಿಕೆಯಾಯಿತು.

ಮರುದಿನ ಎಂಟಕ್ಕೆ ನಾನು ಮೋತಿಯ ಬಟ್ಟಲು ಇಡುವಷ್ಟರಲ್ಲಿ ಕಾಕು ತಮ್ಮ ತಾಟು ಹಿಡಿದು ಬಂದು ಮೆಟ್ಟಿಲ ಮೇಲೆ ಕುಳಿತರು. "ಅದು ಉಣ್ಣೂವಾಗ ನಾನೂ ಉಂಡ್ರ, ನನ್ನ ತಾಟ ಯಾಕ ನೋಡ್ತೈತಿ?" ಮೋತಿ ತಲೆ ಎತ್ತಲೇ ಇಲ್ಲ! ಸಂಜೆ ಏಳಕ್ಕೂ ಹಾಗೆಯೇ ಆಯಿತು. ಅವತ್ತಿನಿಂದ ಸೆರಗಿನ ಗಂಟು ಮಾಯವಾಯಿತು.

ನಡುವೆ ಹಸಿವಾದರೆ ಕಾಕು ಅಡುಗೆಮನೆಯ ಬಾಗಿಲು ಹಾಕಿಕೊಂಡು ಚುರುಮುರಿ ತಿನ್ನುವರು. ಆ ಕುರುಕುರು ಸಪ್ಪಳಕ್ಕೆ ಮೋತಿ ಹೊರಗಿನಿಂದ ಬಾಗಿಲು ಕೆರೆಯುವುದು. ಕಡೆಗೆ ಚುರುಮುರಿಯನ್ನು ನೀರಲ್ಲಿ ನೆನೆಸಿ ಸೂಸಲಾ ಮಾಡಿಕೊಳ್ಳತೊಡಗಿದರು. "ಇದು ಸಪ್ಪಳ ಆಗೂದಿಲ್ಲ ತಂಗಿ!" ಎಂದು ನನಗೆ ಪಿಸುಗುಟ್ಟಿ ಹೇಳಿ ನಕ್ಕಿದ್ದರು.

ನಾಲ್ಕು ತಿಂಗಳಲ್ಲಿ ಮೋತಿ ಮೆಟ್ಟಿಲು ಜಿಗಿದು ಹತ್ತಿತು. "ಯಾರ ಪುಣ್ಯಾ ಅನ್ಕೊಂಡಿ?" ಎಂದು ಕಾಕು ಓಣಿ ತುಂಬ ಹೇಳಿಕೊಂಡು ಬಂದರು.

ಹೋದ ವರ್ಷ ಕಾಕು ತೀರಿಕೊಂಡರು. ಮರುದಿನ ಎಂಟಕ್ಕೆ ಬಟ್ಟಲು ಇಟ್ಟರೆ ಮೋತಿ ಮುಟ್ಟಲಿಲ್ಲ, ಖಾಲಿ ಮೆಟ್ಟಿಲು ನೋಡುತ್ತಾ ಕುಳಿತಿತು. ನಾನು ಬರೀ ಚಹಾ ಕುಡಿದು ಕಾಲೇಜಿಗೆ ಓಡುವವಳು. ಅವತ್ತು ಒಳಗೆ ಹೋಗಿ, ಹಿಂದಿನ ದಿನದ ರೊಟ್ಟಿ ತಾಟಿಗೆ ಹಾಕಿಕೊಂಡು ಬಂದು, ಅವರ ಜಾಗದಲ್ಲಿ ಕುಳಿತೆ. ನಾನು ಒಂದು ತುತ್ತು ಬಾಯಿಗಿಟ್ಟ ಮೇಲೆಯೇ ಮೋತಿ ಬಟ್ಟಲಿಗೆ ಬಾಯಿ ಹಾಕಿತು.

ಅಲ್ಲಿಂದೀಚೆಗೆ ಎಂಟರ ಊಟ ನನಗೆ ಒಂದು ದಿನವೂ ತಪ್ಪಿಲ್ಲ. ನಡುವೆ ಹಸಿವಾದರೆ ಸೂಸಲಾ ಮಾಡಿಕೊಳ್ಳುತ್ತೇನೆ, ಬಾಗಿಲು ಹಾಕಿಕೊಂಡು.