ಕಲ್ಲಿನ ರಾಜನ ಕಿವಿಯ ಹಿಂದಿನ ಜಾಗ

ರೌಸ್ ಹಿಲ್‌ನ ತಮ್ಮನ ಮನೆಗೆ ಹೋಗಿದ್ದಾಗ, ಅವನ ಬೀದಿಯಲ್ಲಿ ಯಾರೋ ಹಳೆ ಸಾಮಾನು ಮಾರಲಿಟ್ಟ ಗರಾಜ್ ಸೇಲ್‌ನಲ್ಲಿ ಸಿಕ್ಕಿದ್ದು ಚಿತ್ರ ನೋಡುವ ಆ ಹಳೆಯ ಸ್ಟೀರಿಯೋಸ್ಕೋಪ್. ಮರದ ಹಿಡಿಯ ಮೇಲೆ ಎರಡು ಮಸೂರ, ಮುಂದೆ ಚಿತ್ರ ಸಿಕ್ಕಿಸಲು ಅಡ್ಡಪಟ್ಟಿ, ಜೊತೆಗೆ ಬಿಸ್ಕೆಟ್ ಡಬ್ಬದ ತುಂಬ ಈಜಿಪ್ಟಿನ ಹಳೆಯ ಫೋಟೋಗಳು. ಒಂದೊಂದು ರಟ್ಟಿನ ಮೇಲೂ ಒಂದೇ ಚಿತ್ರ ಅಕ್ಕಪಕ್ಕದಲ್ಲಿ ಎರಡು ಸಲ. ಮೆಲ್ಬರ್ನ್‌ವರೆಗೂ ವಿಮಾನದಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬಂದೆ.

ವಿಂಡಮ್ ವೇಲ್‌ನ ನಮ್ಮ ಮನೆಯಲ್ಲಿ, ಊಟದ ಪಾತ್ರೆಗಳನ್ನು ಡಿಶ್‌ವಾಷರ್‌ಗೆ ತುಂಬಿ, ಕೈ ಒರೆಸಿಕೊಂಡು, ಹಿಂಬಾಗಿಲ ಬೆಳಕಿಗೆ ಕೂತು ಮೊದಲ ರಟ್ಟು ಸಿಕ್ಕಿಸಿದೆ. ಪಟ್ಟಿಯನ್ನು ಹಿಂದೆ ಮುಂದೆ ಸರಿಸುತ್ತಿದ್ದಂತೆ ಎರಡು ಕಂದು ಚಿತ್ರಗಳು ಒಂದಾದವು. ಅಬ್ಬಾ! ಎದೆಯವರೆಗೆ ಮರಳಲ್ಲಿ ಹೂತ ಕಲ್ಲಿನ ರಾಜ ದುಂಡಗೆ, ದಪ್ಪಗೆ, ಕೈಚಾಚಿದರೆ ತಗಲುವಂತೆ ಎದುರಿಗೆ ಬಂದ. ಅವನ ಭುಜದ ಮೇಲೆ ರುಮಾಲು ಸುತ್ತಿದ ಮನುಷ್ಯನೊಬ್ಬ ಕೂತಿದ್ದ; ಕೂತವನ ಎತ್ತರ ರಾಜನ ಕಿವಿಯಷ್ಟೇ.

ಆ ಕಾಲದಲ್ಲಿ ಗಾಜಿನ ಹಲಗೆಗೆ ದ್ರಾವಣ ಬಳಿದು, ಅದು ಆರುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿತ್ತಂತೆ. ನನಗಿಲ್ಲಿ ಅಡುಗೆಮನೆಯಲ್ಲಿ ಹಪ್ಪಳದ ಹಿಟ್ಟು ಆರಿದರೇ ಪರದಾಟ. ಈ ಫೋಟೋ ತೆಗೆದವರು ಆ ಬಿಸಿಲಲ್ಲಿ, ಆ ಧೂಳಲ್ಲಿ, ದೋಣಿಯ ತುಂಬ ಗಾಜು ಹೇರಿಕೊಂಡು ಹೋಗಿ ಎರಡು ಕಣ್ಣಿನ ಕ್ಯಾಮೆರಾ ನಿಲ್ಲಿಸಿದ್ದರು. ಅಷ್ಟು ಹೊತ್ತೂ ಭುಜದ ಮೇಲಿನವನು ಅಲುಗಿರಲಿಲ್ಲ.

ಮಗಳೂ ನೋಡಿ, "ಅಜ್ಜಿ, ಹೀ ಈಸ್ ರೈಟ್ ದೇರ್!" ಎಂದು ಕೂಗಿ ಅದನ್ನು ನನ್ನ ಅಮ್ಮನ ಕೈಗೆ ಕೊಟ್ಟಳು. ಮೈಸೂರಿನಿಂದ ಬಂದು ಅಮ್ಮ ಆಗ ನಮ್ಮ ಜೊತೆಗಿದ್ದಳು.

"ಏನಿದೆಯೇ ಇದ್ರಲ್ಲಿ? ಅಂಗಡಿ ಕ್ಯಾಲೆಂಡರ್ ಥರ ಇದೆ. ಇದಕ್ಕಾ ಅಮ್ಮ ಮಗಳು ಹಿಂಗೆ ಕುಣಿದಿದ್ದು?"

"ಪಟ್ಟಿ ಸರ್ಸಿ ನೋಡಮ್ಮ."

"ಸರ್ಸಿದೀನಿ ಕಣೆ. ಚಪಾತಿ ಹಂಗೆ ಚಪ್ಪಟೆ."

ನನಗೆ ಆಗ ಹೊಳೆಯಿತು. ಎರಡೂ ಕಣ್ಣು ಕಂಡರೆ ಮಾತ್ರ ಆ ಚಿತ್ರಗಳು ಕೂಡುವುದು. ಅಮ್ಮನ ಬಲಗಣ್ಣಿನ ಪೊರೆ ತೆಗೆಸಿಯಾಗಿತ್ತು. ಎಡಗಣ್ಣನ್ನೂ ತಡಮಾಡದೆ ಮಾಡಿಸಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದರೂ, ಮೊದಲ ಸಲದ ಹೆದರಿಕೆಗೆ ಅವಳು "ಚೆನ್ನಾಗೇ ಕಾಣತ್ತೆ" ಎಂದು ಮುಂದೂಡುತ್ತಲೇ ಬಂದಿದ್ದಳು.

"ಬಲಗಣ್ಣು ಮುಚ್ಕೋ. ಈಗ?"

ಅಮ್ಮ ಬಲಗಣ್ಣಿನ ಮೇಲೆ ಅಂಗೈ ಇಟ್ಟು ನೋಡಿದಳು. ಆಮೇಲೆ, "ಬಾಗ್ಲು ಎಲ್ಲಿದೆ ಅಂತ ಗೊತ್ತಾಗತ್ತೆ. ಈ ವಯಸ್ಸಿಗೆ ಅಷ್ಟು ಸಾಲ್ದಾ?" ಎಂದಳು.

ಅದನ್ನು ನನ್ನ ಕೈಗೆ ಕೊಟ್ಟಳು. ಅವಳೇ ಕೇಳಿದಳು, "ನಿಂಗೆ ಏನು ಕಾಣತ್ತೆ, ಸರಿಯಾಗಿ ಹೇಳು."

ಹೇಳಿದೆ. ಎಲ್ಲಕ್ಕಿಂತ ಮುಂದೆ ಮರಳಿನ ದಿಣ್ಣೆ, ಅದರಾಚೆ ರಾಜನ ಗದ್ದ, ಅದಕ್ಕೂ ಹಿಂದೆ ಕೆನ್ನೆ, ಕಿವಿ.

"ಕಿವಿ ಹಿಂದೆ?"

"ಜಾಗ ಇದೆ. ಕತ್ತಲೆ. ನೀನು ಒಳಗೆ ಹೋಗಿ ಕೂತ್ಕೋಬಹುದು."

"ಕಲ್ಲಿನ ಹಿಂದೆ ಜಾಗ ಕಾಣತ್ತಾ, ಫೋಟೋದಲ್ಲಿ?" ಅಮ್ಮನ ದನಿ ಸಣ್ಣದಾಯಿತು. "ಬೆಳಗೊಳದಲ್ಲಿ ಗೊಮ್ಮಟನ ಪಾದದ ಹತ್ರ ನಿಂತು ಕತ್ತೆತ್ತಿದಾಗ ಹಂಗಾಗಿತ್ತು ನಂಗೆ. ಅವನ ಗದ್ದದ ಹಿಂದೆ ಆಕಾಶ ಎಷ್ಟು ಆಳ ಕಂಡಿತ್ತು!"

ಮತ್ತೆ ಅದನ್ನು ಇಸಿದುಕೊಂಡು, ಮಸೂರಕ್ಕೆ ಮುಖವಿಟ್ಟು ಪಟ್ಟಿಯನ್ನು ಬಹಳ ಹೊತ್ತು ಹಿಂದೆ ಮುಂದೆ ಸರಿಸಿದಳು.

"ಡಾಕ್ಟ್ರಿಗೆ ಫೋನ್ ಮಾಡು. ಯಾವಾಗ ಬರ್ಲಿ ಅಂತ ಕೇಳು."

"ಈಗ್ಲೇನಾ?"

"ಈಗ್ಲೇ. ನಾಳೆ ಅಂದ್ರೆ ನಾನು ಮತ್ತೆ ಹೆದ್ರಿಕೋತೀನಿ."

ಮೈಸೂರಿನಲ್ಲಿ ಫೋನ್ ರಿಂಗಾಗುತ್ತಿತ್ತು. ಅಮ್ಮ ಮುಖದಿಂದ ಮಸೂರವನ್ನು ಇಳಿಸಲೇ ಇಲ್ಲ.